ಹಲ್ಲಿ, ಹಾವಿನ ಮೊಟ್ಟೆ ಡಬ್ಬಿಗೆ ತೂತು ಎಷ್ಟು, ನೀರು ಎಷ್ಟು

ಸಾಕಿರೋ ಗೆಕ್ಕೊನೋ (ಒಂದು ಥರದ ಹಲ್ಲಿ) ಹಾವೋ ಮೊದಲ ಸಲ ಮೊಟ್ಟೆ ಇಟ್ಟಾಗ, ಆ ಮೊಟ್ಟೆನ ಒದ್ದೆ ಪುಡಿ ಇರೋ ಡಬ್ಬಿಯಲ್ಲಿಟ್ಟು ಡಬ್ಬಿನ ಇನ್ಕ್ಯುಬೇಟರ್ ಒಳಗೆ, ಅಂದ್ರೆ ಕಾವು ಕೊಡೋ ಪೆಟ್ಟಿಗೆ ಒಳಗೆ ಇಡ್ತೀವಿ, ಆಗ ಎಲ್ಲರೂ ಕೇಳೋದು ಟೆಂಪರೇಚರ್ ಎಷ್ಟಿಡ್ಲಿ ಅಂತ. ಅದು ನಿಜಕ್ಕೂ ಸುಲಭದ ಪ್ರಶ್ನೆ, ನಿಮ್ಮ ಪ್ರಾಣಿಗೆ ಎಷ್ಟು ಡಿಗ್ರಿ ಅಂತ ತಿಳ್ಕೊಂಡು ಥರ್ಮೋಸ್ಟಾಟ್ ಸೆಟ್ ಮಾಡಿದ್ರೆ ಮುಗೀತು, ಆಮೇಲೆ ಅದು ಅದರ ಪಾಡಿಗೆ ನೋಡ್ಕೊಳ್ಳತ್ತೆ. ಮೊಟ್ಟೆ ಕೈ ಕೊಡೋದು ಹೆಚ್ಚಾಗಿ ಗಾಳಿ ಮತ್ತೆ ತೇವದ ವಿಷಯದಲ್ಲಿ, ಯಾಕಂದ್ರೆ ಇವೆರಡಕ್ಕೂ ತಿರುಗಿಸೋಕೆ ಒಂದು ನಾಬ್ ಅಂತ ಇಲ್ಲ, ಒಂದನ್ನ ಜಾಸ್ತಿ ಮಾಡಿದ್ರೆ ಇನ್ನೊಂದು ಕಮ್ಮಿ ಆಗತ್ತೆ.

ನಾನು ಮೊದಲ ಸಲ ಲೆಪರ್ಡ್ ಗೆಕ್ಕೊ ಮೊಟ್ಟೆನ ಡಬ್ಬಿಯಲ್ಲಿ ಇಟ್ಟಾಗ ಪಾಪ ಉಸಿರು ಕಟ್ಟತ್ತೇನೋ ಅಂತ ಹೆದರಿ ಡಬ್ಬಿ ಮುಚ್ಚಳಕ್ಕೆ ಒಂದು ಡಜನ್ ತೂತು ಕೊರೆದೆ, ಅದೂ ಪೆನ್ಸಿಲ್ ತೂರೋ ಅಷ್ಟು ದಪ್ಪದ್ದು. ಮೂರನೇ ವಾರಕ್ಕೆ ಎರಡೂ ಮೊಟ್ಟೆ ಗಾಳಿ ಬಿಟ್ಟ ಬಾಲ್ ಥರ ಒಳಗೆ ಹೋಗಿದ್ವು. ಗಾಬರಿಯಲ್ಲಿ ನೇರ ಮೊಟ್ಟೆ ಮೇಲೇ ನೀರು ಸ್ಪ್ರೇ ಮಾಡಿದೆ, ಇನ್ನೊಂದು ವಾರದಲ್ಲಿ ಬೂಷ್ಟು ಬಂತು, ಅಲ್ಲಿಗೆ ಕಥೆ ಮುಗೀತು. ಒಂದೇ ಸಲಕ್ಕೆ ಎರಡು ತಪ್ಪು, ಮೊದಲು ಒಣಗಿಸಿದ್ದು ಆಮೇಲೆ ಮುಳುಗಿಸಿದ್ದು.

ಮೊಟ್ಟೆ ಒಳಗೆ ಏನಾಗತ್ತೆ ಅಂತ ಸ್ವಲ್ಪ ಗೊತ್ತಿದ್ರೆ ಉಳಿದಿದ್ದೆಲ್ಲಾ ತಾನಾಗೇ ಅರ್ಥ ಆಗತ್ತೆ. ಲೆಪರ್ಡ್ ಗೆಕ್ಕೊ, ಬಿಯರ್ಡೆಡ್ ಡ್ರ್ಯಾಗನ್ (ಇದೂ ಹಲ್ಲಿ ಜಾತಿನೇ), ಕಾರ್ನ್ ಸ್ನೇಕ್ ಅನ್ನೋ ಹಾವು, ಬಾಲ್ ಪೈಥಾನ್ ಅನ್ನೋ ಹೆಬ್ಬಾವು ಇವೆಲ್ಲದರ ಮೊಟ್ಟೆ ಕೋಳಿ ಮೊಟ್ಟೆ ಥರ ಗಟ್ಟಿ ಅಲ್ಲ, ಚಿಪ್ಪು ಒಂಥರಾ ಮೆತ್ತಗಿನ ಚರ್ಮದ ಹಾಗೆ ಇರತ್ತೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು, ಅದರ ಮೂಲಕವೇ ಆಕ್ಸಿಜನ್ ಒಳಗೆ ಹೋಗತ್ತೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಬರತ್ತೆ, ನೀರು ಎರಡೂ ಕಡೆ ಓಡಾಡತ್ತೆ. ಸುತ್ತ ತೇವ ಇದ್ರೆ ಮೊಟ್ಟೆ ನೀರು ಕುಡಿದು ದಪ್ಪ ಆಗತ್ತೆ, ಒಣಗಿದ್ರೆ ತನ್ನಲ್ಲಿರೋ ನೀರನ್ನೂ ಬಿಟ್ಟುಕೊಡತ್ತೆ. ಬಿಯರ್ಡೆಡ್ ಡ್ರ್ಯಾಗನ್ ಮೊಟ್ಟೆ ಇಟ್ಟಾಗ ಇದ್ದ ತೂಕಕ್ಕಿಂತ ದುಪ್ಪಟ್ಟು ಆಗೋದೂ ಉಂಟು, ಅದಕ್ಕೇ ಜೋಡಿಸುವಾಗ ಮೊಟ್ಟೆ ಮೊಟ್ಟೆ ಮಧ್ಯ ಜಾಗ ಬಿಡಿ ಅನ್ನೋದು. ಈಗ ಆ ರಂಧ್ರಗಳ ಮೇಲೆ ನೀರಿನ ಒಂದು ತೆಳು ಪದರ ಕೂತ್ಕೊಂಡ್ರೆ? ಗಾಳಿಯಲ್ಲಿ ಹರಡೋದಕ್ಕಿಂತ ನೀರಿನಲ್ಲಿ ಆಕ್ಸಿಜನ್ ಹರಡೋದು ಸುಮಾರು 10,000 ಪಟ್ಟು ನಿಧಾನ. ಅಂದ್ರೆ ಡಬ್ಬಿ ತುಂಬಾ ಒಳ್ಳೆ ಗಾಳಿ ಇದ್ರೂ ಒದ್ದೆ ಮೊಟ್ಟೆಗೆ ಉಸಿರು ಕಟ್ಟತ್ತೆ. ಜಾಸ್ತಿ ನೀರು ಹಾಕಿ ಕೊಂದೋರು ಅದನ್ನ ಹ್ಯುಮಿಡಿಟಿ (ಗಾಳಿಯ ತೇವ) ಸಮಸ್ಯೆ ಅಂದ್ಕೋತಾರೆ, ಸತ್ತಿರೋದು ಮಾತ್ರ ಗಾಳಿ ಸಿಗದೆ.

ಇದನ್ನ ಚೆನ್ನಾಗಿ ತಿಳ್ಕೊಂಡಿರೋದು ತಾಯಿ ಹೆಬ್ಬಾವು. ಮೊಟ್ಟೆ ಗುಡ್ಡೆ ಸುತ್ತ ಬಿಗಿಯಾಗಿ ಸುತ್ತಿಕೊಂಡು ಕೂರತ್ತೆ, ಹಾಗೆ ಕೂತಾಗ ಮೊಟ್ಟೆಯ ನೀರು ಆರಿ ಹೋಗಲ್ಲ, ಆದ್ರೆ ಒಳಗೆ ಗಾಳಿಯೂ ಆಡಲ್ಲ. ಅದಕ್ಕೆ ಆಗಾಗ ಸುರುಳಿ ಸಡಿಲ ಮಾಡಿ ಸ್ವಲ್ಪ ಹೊತ್ತು ಗಾಳಿ ಬಿಟ್ಟು ಮತ್ತೆ ಬಿಗಿ ಮಾಡತ್ತೆ. ಮುಚ್ಚಿಡು, ಆಗಾಗ ತೆರಿ, ಮತ್ತೆ ಮುಚ್ಚು. ನಾವು ಡಬ್ಬಿಯಲ್ಲಿ ಮಾಡ್ಬೇಕಾಗಿರೋದೂ ಇಷ್ಟೇ, ದಿನದ 24 ಗಂಟೆನೂ ತೂತುಗಳಲ್ಲಿ ಗಾಳಿ ಹರಿಸೋದಲ್ಲ.

ಮುಚ್ಚಳ ತೆಗೆದ್ರೆ ಹ್ಯುಮಿಡಿಟಿ ಎಲ್ಲಾ ಹೋಗಿಬಿಡತ್ತೆ ಅಂತ ಬಹಳ ಜನ ಹೆದರಿ ವಾರಗಟ್ಟಲೆ ಡಬ್ಬಿ ಮುಟ್ಟಲ್ಲ, ಇದಕ್ಕೆ ಒಂದು ಸಣ್ಣ ಲೆಕ್ಕ ಹೇಳ್ತೀನಿ ನೋಡಿ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯೋ ನೀರಾವಿ ಹೆಚ್ಚಂದ್ರೆ 30 ಗ್ರಾಂ. ಹಾಗಾದ್ರೆ 5 ಲೀಟರ್ ಡಬ್ಬಿಯ ಗಾಳಿಯಲ್ಲಿ ಇರೋದು 0.15 ಗ್ರಾಂ, ಅಂದ್ರೆ ಮೂರು ಹನಿ ನೀರು. ನೀವು ಮುಚ್ಚಳ ಪೂರ್ತಿ ತೆಗೆದು ಆ ಗಾಳಿಯೆಲ್ಲಾ ಬೀಸಿ ಹೊರಗೆ ಹಾಕಿದ್ರೂ ಹೋಗೋದು ಮೂರು ಹನಿ, ಕೆಳಗೆ ನೂರು ಗ್ರಾಂ ನೀರು ಹೀರಿಕೊಂಡಿರೋ ವರ್ಮಿಕ್ಯುಲೈಟ್ ಅನ್ನೋ ಪುಡಿ ಕೂತಿರತ್ತೆ, ಮುಚ್ಚಿದ ಸ್ವಲ್ಪ ಹೊತ್ತಿಗೆ ಅದು ಮತ್ತೆ ತುಂಬಿಸತ್ತೆ. ತೇವ ಇರೋದು ಗಾಳಿಯಲ್ಲಿ ಅಲ್ಲ, ಕೆಳಗಿನ ಪುಡಿಯಲ್ಲಿ. ಹಾಗಾಗಿ ಮುಚ್ಚಳ ತೆಗೆಯೋಕೆ ಹೆದರಬೇಡಿ, ಹೆದರಬೇಕಾಗಿರೋದು ಹಗಲೂ ರಾತ್ರಿ ತೆರೆದೇ ಇರೋ ತೂತಿಗೆ.

ಡಬ್ಬಿ ವಿಷಯಕ್ಕೆ ಬರೋಣ. ಬಿಗಿ ಮುಚ್ಚಳದ, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ಮೊಟ್ಟೆಗೆ ಬೇಕಾಗೋದಕ್ಕಿಂತ ಒಂದು ಸೈಜ್ ದೊಡ್ಡದೇ ಇರಲಿ, ಒಳಗೆ ಗಾಳಿ ಜಾಸ್ತಿ ಇದ್ದಷ್ಟೂ ನಿಮ್ಮ ತಪ್ಪು ಮಾಫಿ ಆಗತ್ತೆ. ಕೆಳಗಿನ ಮೂರನೇ ಒಂದು ಭಾಗ ಪುಡಿ, ಮೇಲಿನ ಮೂರನೇ ಎರಡು ಭಾಗ ಖಾಲಿ, ಹೆಚ್ಚುಕಮ್ಮಿ ಹಾಗೆ. ಪುಡಿ ಅಂದ್ರೆ ವರ್ಮಿಕ್ಯುಲೈಟ್ ಅಥವಾ ಪರ್ಲೈಟ್, ಗಿಡ ಬೆಳೆಸೋರು ಮಣ್ಣಿಗೆ ಬೆರೆಸ್ತಾರಲ್ಲ ಅದೇ, ಗೊಬ್ಬರ ಸೇರಿಸಿರೋದು ಮಾತ್ರ ಬೇಡ.

ನೀರು ಎಷ್ಟು ಅನ್ನೋದಕ್ಕೆ ಒಳ್ಳೆ ಆರಂಭ ಅಂದ್ರೆ ತೂಕಕ್ಕೆ ಸಮ ತೂಕ, 100 ಗ್ರಾಂ ವರ್ಮಿಕ್ಯುಲೈಟ್‌ಗೆ 100 ಗ್ರಾಂ ನೀರು. ಇಲ್ಲಿ ತುಂಬಾ ಜನ ಎಡವೋದು ಏನಂದ್ರೆ ಒಂದು ಲೋಟ ಪುಡಿಗೆ ಒಂದು ಲೋಟ ನೀರು ಅಂದ್ಕೊಂಡು ಸುರಿದುಬಿಡ್ತಾರೆ. ವರ್ಮಿಕ್ಯುಲೈಟ್ ಹತ್ತಿ ಥರ ಹಗುರ, ಒಂದು ಲೋಟ ಪುಡಿ ನೀರಿನ ತೂಕದ ಹತ್ತಿರಕ್ಕೂ ಬರಲ್ಲ, ಲೋಟದ ಲೆಕ್ಕದಲ್ಲಿ ಹಾಕಿದ್ರೆ ಅದು ಕೆಸರುಗದ್ದೆ ಆಗತ್ತೆ. ಅಡುಗೆಮನೆ ತಕ್ಕಡಿ ಸಾಕು, ಆದ್ರೆ ತೂಗಲೇಬೇಕು. ನೀರು ಹಾಕಿ ಕೈಯಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಮೊದಲು ಮೇಲಿನ ಪುಡಿ ಒಣಗಿದ ಹಾಗೆ, ತಳದ್ದು ಒದ್ದೆ ಇದ್ದ ಹಾಗೆ ಅನ್ಸತ್ತೆ, ಆಮೇಲೆ ಸಮ ಆಗತ್ತೆ. ಈಗ ಒಂದು ಹಿಡಿ ತಗೊಂಡು ಜೋರಾಗಿ ಹಿಂಡಿ. ಮುಷ್ಟಿ ಬಿಚ್ಚಿದಾಗ ಉಂಡೆ ಉಂಡೆಯಾಗೇ ನಿಲ್ಲಬೇಕು, ಬೆರಳ ಸಂದಿಯಲ್ಲಿ ಒಂದು ಹನಿಯೂ ಇಳೀಬಾರದು, ಬೆರಳಲ್ಲಿ ಒಂದು ತಟ್ಟು ತಟ್ಟಿದ್ರೆ ಉದುರಬೇಕು. ಹನಿ ಇಳೀತಾ, ಸ್ವಲ್ಪ ಒಣ ಪುಡಿ ಸೇರಿಸಿ. ಅನುಮಾನ ಇದ್ರೆ ಯಾವಾಗಲೂ ಒಣ ಕಡೆಗೇ ವಾಲಿ, ಆಮೇಲೆ ನೀರು ಸೇರಿಸೋದು ಸುಲಭ, ಹಾಕಿದ ನೀರನ್ನ ಮೊಟ್ಟೆ ಇರುವಾಗ ತೆಗೆಯೋದು ಆಗದ ಮಾತು.

ಡಬ್ಬಿ ರೆಡಿ ಮಾಡಿ ಒಂದು ದಿನ ಇನ್ಕ್ಯುಬೇಟರ್‌ನಲ್ಲಿ ಖಾಲಿ ಓಡಿಸಿ ಬಿಸಿ ನಿಂತ್ಕೊಂಡ ಮೇಲೆ ಮೊಟ್ಟೆ ಇಟ್ರೆ ವಾಸಿ. ಮೊಟ್ಟೆನ ತಾಯಿ ಇಟ್ಟ ಜಾಗದಿಂದ ಎತ್ತುವಾಗ ಮೇಲಿನ ಭಾಗ ಮೇಲೇ ಇರಲಿ, ಸೀಸದ ಕಡ್ಡಿಯಲ್ಲಿ ಮೇಲೆ ಒಂದು ಚುಕ್ಕಿ ಇಡಿ. ಇಟ್ಟು ಒಂದೆರಡು ದಿನದಲ್ಲಿ ಭ್ರೂಣ ಚಿಪ್ಪಿನ ಮೇಲ್ಭಾಗದ ಒಳಗೆ ಅಂಟಿಕೊಳ್ಳತ್ತೆ, ಆಮೇಲೆ ತಿರುಗಿಸಿದ್ರೆ ಪೊರೆ ಹರಿಯಬಹುದು. ಕೋಳಿ ಮೊಟ್ಟೆ ಇನ್ಕ್ಯುಬೇಟರ್ ಉಪಯೋಗಿಸೋರು ಮೊಟ್ಟೆ ತಿರುಗಿಸೋ ಮೋಟರ್ ಆಫ್ ಮಾಡೋಕೆ ಮರೀಬೇಡಿ, ಕೋಳಿಗೆ ಅದು ಬೇಕೇ ಬೇಕು, ಇಲ್ಲಿ ಅದೇ ಯಮ. ಹೆಬ್ಬೆರಳಿಂದ ಪುಡಿಯಲ್ಲಿ ಒಂದು ಗುಳಿ ಒತ್ತಿ ಅರ್ಧ ಮೊಟ್ಟೆ ಹೂತು ಅರ್ಧ ಮೇಲೆ ಇರೋ ಹಾಗೆ ಕೂರಿಸಿ, ಕೆಳಗಿನ ಅರ್ಧ ನೀರು ಕುಡಿಯತ್ತೆ ಮೇಲಿನ ಅರ್ಧ ಉಸಿರಾಡತ್ತೆ ಅಂತ ನೆನಪಿಟ್ಕೊಳ್ಳಿ. ಹಾವಿನ ಮೊಟ್ಟೆ ಒಂದಕ್ಕೊಂದು ಅಂಟಿ ಗುಡ್ಡೆ ಆಗಿದ್ರೆ ಬಿಡಿಸೋಕೆ ಹೋಗಬೇಡಿ, ಗುಡ್ಡೆ ಹೇಗಿದೆಯೋ ಹಾಗೇ ಇಡಿ.

ಇನ್ನು ತೂತು. ಒಂದೂವರೆ ಎರಡು ಲೀಟರ್ ಡಬ್ಬಿ, ಒಳಗೆ ಗೆಕ್ಕೊ ಮೊಟ್ಟೆ ಎರಡು, ಇದಕ್ಕೆ 2 ಇಲ್ಲ 3 ಮಿ.ಮೀ. ತೂತು ಎರಡು ಸಾಕು, ಎದುರುಬದುರು ಗೋಡೆಯ ಮೇಲ್ಭಾಗದಲ್ಲಿ. ತೂತೇ ಇಲ್ಲದೆ ವಾರಕ್ಕೊಮ್ಮೆ ತೆರೆದು ಮರಿ ಮಾಡಿಸೋರೂ ಬೇಕಾದಷ್ಟು ಜನ ಇದ್ದಾರೆ, ತಪ್ಪೇನಿಲ್ಲ, ಆದ್ರೆ ನೀವು ಮರೆಗುಳಿ ಆಗಿದ್ರೆ ಆ ಎರಡು ತೂತು ಇನ್ಶೂರೆನ್ಸ್ ಇದ್ದ ಹಾಗೆ. ತೂತನ್ನ ಮುಚ್ಚಳದಲ್ಲಿ ಮಾಡಬೇಡಿ, ಬಿಸಿ ಗಾಳಿ ಮೇಲೆ ಹೋಗಿ ಅಲ್ಲಿಂದಲೇ ನೀರು ಸೋರತ್ತೆ. ಮೊಟ್ಟೆ ಇಡೋಕೆ ಮುಂಚೆಯೇ ಬಿಸಿ ಮಾಡಿದ ಮೊಳೆಯಲ್ಲೋ ಸಾಲ್ಡರಿಂಗ್ ಐರನ್‌ನಲ್ಲೋ ತೂತು ಮಾಡಿ ಹೊಗೆ ವಾಸನೆ ಪೂರ್ತಿ ಹೋಗೋವರೆಗೂ ಹೊರಗೆ ಇಡಿ.

ತೂತು ಸರಿ ಇದೆಯಾ ಇಲ್ವಾ ಅಂತ ಹೇಳೋದು ಮೀಟರ್ ಅಲ್ಲ ತಕ್ಕಡಿ. ಮೊಟ್ಟೆ ಎಲ್ಲಾ ಇಟ್ಟು ಮುಚ್ಚಳ ಹಾಕಿದ ಮೇಲೆ ಇಡೀ ಡಬ್ಬಿ ತೂಗಿ, ಸಂಖ್ಯೆ ಮುಚ್ಚಳದ ಮೇಲೇ ಬರೆದಿಡಿ, ತಾರೀಖಿನ ಜೊತೆ. ಮೊಟ್ಟೆ ಪುಡಿಯಿಂದ ನೀರು ಕುಡಿದ್ರೆ ಡಬ್ಬಿಯ ಒಟ್ಟು ತೂಕ ಬದಲಾಗಲ್ಲ, ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಗಿರತ್ತೆ ಅಷ್ಟೇ. ತೂಕ ಇಳಿದಿದೆ ಅಂದ್ರೆ ಅಷ್ಟು ನೀರು ಡಬ್ಬಿಯಿಂದಲೇ ಹೊರಗೆ ಹೋಗಿದೆ ಅಂತ ಅರ್ಥ. ಉದಾಹರಣೆಗೆ ಮೊದಲ ದಿನ 642 ಗ್ರಾಂ ಇತ್ತು, ವಾರ ಬಿಟ್ಟು 641 ಆದ್ರೆ ಆರಾಮಾಗಿರಿ, ಎರಡು ಸಣ್ಣ ತೂತಿಗೆ ವಾರಕ್ಕೆ ಒಂದು ಗ್ರಾಂ ಆಸುಪಾಸು ಹೋಗೋದು ಸಹಜ. 630 ಆಗಿದ್ರೆ ತೂತು ಜಾಸ್ತಿ ಆಯ್ತು, ಒಂದಕ್ಕೆ ಟೇಪ್ ಹಚ್ಚಿ. ನನ್ನ ಆ ಡಜನ್ ತೂತಿನ ಡಬ್ಬಿ ಲೆಕ್ಕ ಹಾಕಿದ್ರೆ ವಾರಕ್ಕೆ 15 ಗ್ರಾಂ ಕಳ್ಕೊಳ್ತಾ ಇದ್ದಿರಬೇಕು, ಫ್ಯಾನ್ ಇದ್ರೆ ಇನ್ನೂ ಜಾಸ್ತಿ, 100 ಗ್ರಾಂ ನೀರು ಎಷ್ಟು ದಿನ ಬರತ್ತೆ ನೀವೇ ನೋಡಿ.

ಫ್ಯಾನ್ ಅಂದಾಗ ನೆನಪಾಯ್ತು. ಇನ್ಕ್ಯುಬೇಟರ್ ಹೊರಗಿನ ಗಾಳಿನ ಒಳಗೆ ತಗೊಂಡು ಬಿಸಿ ಮಾಡತ್ತಲ್ಲ, ಬಿಸಿ ಮಾಡಿದ್ರೆ ಗಾಳಿ ತಾನಾಗೇ ಒಣಗಿದ ಹಾಗಾಗತ್ತೆ. ರೂಮಲ್ಲಿ 20 ಡಿಗ್ರಿ, 50 ಪರ್ಸೆಂಟ್ ಹ್ಯುಮಿಡಿಟಿ ಇರೋ ಗಾಳಿನ 30 ಡಿಗ್ರಿಗೆ ಕಾಯಿಸಿದ್ರೆ ಅದೇ ಗಾಳಿ 28 ಪರ್ಸೆಂಟ್‌ಗೆ ಇಳಿಯತ್ತೆ, ಒಂದು ತೊಟ್ಟು ನೀರೂ ಕಮ್ಮಿ ಆಗದೇನೇ. ಹಾಗಾಗಿ ಮೊಟ್ಟೆನ ಮುಚ್ಚಳ ಇಲ್ಲದ ಟ್ರೇನಲ್ಲಿಟ್ಟು ಫ್ಯಾನ್ ಬಿಡೋದು ಬಟ್ಟೆ ಒಣಗಿಸೋ ಕೆಲಸ. ಫ್ಯಾನ್ ಇರಲಿ, ಎಲ್ಲಾ ಮೂಲೆಗೂ ಒಂದೇ ಬಿಸಿ ಕೊಡತ್ತೆ ಅದು ಒಳ್ಳೇದೇ, ಆದ್ರೆ ಮೊಟ್ಟೆ ಮುಚ್ಚಿದ ಡಬ್ಬಿ ಒಳಗಿರಲಿ. ಇನ್ಕ್ಯುಬೇಟರ್ ತಳದಲ್ಲಿ ನೀರಿನ ತಟ್ಟೆ ಇಡೋದೂ ಒಳ್ಳೇದು, ಹೊರಗಿನ ಗಾಳಿ ತೇವ ಇದ್ರೆ ಡಬ್ಬಿಯಿಂದ ನೀರು ನಿಧಾನ ಹೋಗತ್ತೆ. ಅಗಲದ ತಟ್ಟೆ ಇಡಿ, ಆಳದ ಲೋಟ ಇಟ್ರೆ ಪ್ರಯೋಜನ ಕಮ್ಮಿ, ಆವಿ ಏಳೋದು ಮೇಲ್ಮೈಯಿಂದ ಅಲ್ವಾ.

ತೆರೆಯೋದು ಎಷ್ಟು ದಿನಕ್ಕೊಮ್ಮೆ? ಶುರುವಿನ ಮೂರನೇ ಎರಡು ಭಾಗ ಕಾಲ ವಾರಕ್ಕೊಮ್ಮೆ ಸಾಕು, ಮುಚ್ಚಳ ತೆಗೆದು ಅದರಲ್ಲೇ ನಾಲ್ಕೈದು ಸಲ ಬೀಸಣಿಗೆ ಥರ ಬೀಸಿ ಮುಚ್ಚಿಬಿಡಿ, ಒಂದು ನಿಮಿಷದ ಕೆಲಸ. ಕೊನೆ ಮೂರನೇ ಒಂದು ಭಾಗ ಬೇರೆ ಆಟ. ಮರಿ ದೊಡ್ಡದಾಗಿರತ್ತೆ, ಆಕ್ಸಿಜನ್ ಎಳೆಯೋದು ಜೋರಾಗತ್ತೆ, ಕಾರ್ನ್ ಸ್ನೇಕ್ 28 ಡಿಗ್ರಿಯಲ್ಲಿ ಸುಮಾರು 60 ದಿನ ತಗೊಳ್ಳತ್ತೆ ಅಂದ್ರೆ 40ನೇ ದಿನದಿಂದ ಎರಡು ಮೂರು ದಿನಕ್ಕೊಮ್ಮೆ ತೆರೀರಿ. ಆರು ಬಾಲ್ ಪೈಥಾನ್ ಮೊಟ್ಟೆ ಒಂದೇ ಡಬ್ಬಿಯಲ್ಲಿದ್ರೆ ಕೊನೆ ವಾರಗಳಲ್ಲಿ ನಾನು ದಿನಾ ತೆರೀತೀನಿ, ಜೊತೆಗೆ ಟೇಪ್ ಹಚ್ಚಿದ್ದ ತೂತು ಬಿಚ್ಚಿಬಿಡ್ತೀನಿ. ಇಡೀ ಕಾಲ ಚೆನ್ನಾಗಿದ್ದು ಪೂರ್ತಿ ಬೆಳೆದ ಮರಿ ಮೊಟ್ಟೆಯೊಳಗೇ ಸತ್ತಿದ್ರೆ ಎಲ್ಲರೂ ಟೆಂಪರೇಚರ್ ಬೈಯ್ತಾರೆ, ಗಾಳಿ ಕಮ್ಮಿ ಆಗಿತ್ತಾ ಅಂತಾನೂ ಒಮ್ಮೆ ಯೋಚಿಸಿ.

ಮುಚ್ಚಳದ ಒಳಗೆ ಹನಿ ಕಟ್ಟೋದು ಎಲ್ಲರಿಗೂ ಬರೋ ತಲೆನೋವು. ಗೋಡೆ ಮೇಲೆ ತೆಳ್ಳಗೆ ಮಂಜು ಕೂತಿದ್ರೆ ಏನೂ ತೊಂದ್ರೆ ಇಲ್ಲ, ಒಳಗೆ ತೇವ ಇದೆ ಅಂತ ಅಷ್ಟೇ. ಮುಚ್ಚಳದಲ್ಲಿ ದಪ್ಪ ಹನಿ ಕಟ್ಟಿ ಟಪ್ ಅಂತ ಮೊಟ್ಟೆ ಮೇಲೆ ಬೀಳೋದು ಮಾತ್ರ ಕೆಟ್ಟದ್ದು. ಇದನ್ನ ನೋಡಿದ ತಕ್ಷಣ ಜನ ನೀರು ಜಾಸ್ತಿ ಆಯ್ತು ಅಂತ ಇನ್ನೊಂದು ತೂತು ಕೊರೀತಾರೆ, ಆದ್ರೆ ಕಾರಣ ಸಾಮಾನ್ಯವಾಗಿ ಟೆಂಪರೇಚರ್. 30 ಡಿಗ್ರಿ, 95 ಪರ್ಸೆಂಟ್ ಇರೋ ಗಾಳಿ 29 ಡಿಗ್ರಿ ಇರೋ ವಸ್ತುಗೆ ತಾಗಿದ್ರೆ ಸಾಕು ನೀರಾಗತ್ತೆ, ಒಂದೇ ಒಂದು ಡಿಗ್ರಿ ವ್ಯತ್ಯಾಸ. ಕೆಳಗಿಂದ ಹೀಟ್ ಮ್ಯಾಟ್ ಕಾಯ್ತಾ ಇದೆ, ಮುಚ್ಚಳ ತಣ್ಣಗಿದೆ ಅಂದ್ರೆ ಹನಿ ಕಟ್ಟಲೇಬೇಕು. ಇನ್ಕ್ಯುಬೇಟರ್ ಕಿಟಕಿ ಪಕ್ಕದಿಂದ, ಫ್ಯಾನ್ ಕೆಳಗಿಂದ ಬೇರೆ ಕಡೆ ಇಡಿ, ಥರ್ಮೋಸ್ಟಾಟ್ ಪ್ರೋಬ್ (ಬಿಸಿ ಅಳೆಯೋ ತುದಿ) ಮೊಟ್ಟೆ ಮಟ್ಟದಲ್ಲಿರಲಿ, ಡಬ್ಬಿ ಮೇಲೆ ಒಂದು ಮಡಿಚಿದ ಟವೆಲ್ ಇಡಿ, ತೂತು ಮುಚ್ಚದ ಹಾಗೆ. ಇಷ್ಟಾದ್ರೂ ನಿಲ್ಲದಿದ್ರೆ ಡಬ್ಬಿಯ ಒಂದು ಕಡೆಗೆ ಸಣ್ಣ ಚಕ್ಕೆ ಕೊಟ್ಟು ಓರೆ ಮಾಡಿ, ಹನಿ ಜಾರಿಕೊಂಡು ಗೋಡೆ ಹಿಡಿದು ಇಳಿದು ಪುಡಿಗೇ ವಾಪಸ್ ಹೋಗತ್ತೆ, ಮೊಟ್ಟೆ ಮೇಲೆ ಬೀಳಲ್ಲ. ಡಬ್ಬಿ ಓರೆ ಮಾಡೋದು ಮೊಟ್ಟೆ ಇಡೋಕೆ ಮೊದಲೇ ಆದ್ರೆ ಇನ್ನೂ ಒಳ್ಳೇದು.

ಹೈಗ್ರೋಮೀಟರ್, ಅಂದ್ರೆ ಹ್ಯುಮಿಡಿಟಿ ಅಳೆಯೋ ಮೀಟರ್ ಬಗ್ಗೆ ನನಗೆ ಅಷ್ಟು ಗೌರವ ಇಲ್ಲ. ಅಗ್ಗದ ಡಿಜಿಟಲ್ ಮೀಟರ್ 90 ದಾಟಿದ ಮೇಲೆ ಸುಮ್ಮನೆ ಏನೋ ಒಂದು ತೋರಿಸತ್ತೆ, ಸೆನ್ಸರ್ ಮೇಲೆ ತೇವ ಕೂತ್ರೆ 99 ಅಂತ ಅಲ್ಲೇ ಅಂಟಿಕೊಳ್ಳತ್ತೆ. ಇದ್ರೆ ಒಂದು ಸಲ ಪರೀಕ್ಷೆ ಮಾಡಿ, ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ ಕೆಲವು ತೊಟ್ಟು ನೀರು ಬಿಟ್ಟು ಒದ್ದೆ ಮರಳಿನ ಥರ ಮಾಡ್ಕೊಳ್ಳಿ, ಕರಗಿ ನೀರಾಗಬಾರದು, ಅದನ್ನೂ ಮೀಟರನ್ನೂ ಒಂದು ಜಿಪ್ ಕವರ್‌ನಲ್ಲಿ ಮುಚ್ಚಿ ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದ್ರೆ ನಿಮ್ಮ ಮೀಟರ್ 5 ಕಮ್ಮಿ ಹೇಳತ್ತೆ ಅಂತ ಲೆಕ್ಕ ಇಟ್ಕೊಳ್ಳಿ. ಮೀಟರ್ 85 ಅಂತಿದೆ, ಮೊಟ್ಟೆ ಬಿಳಿ ಬಿಳಿಯಾಗಿ ದುಂಡಗೆ ತುಂಬಿಕೊಂಡಿದೆ ಅಂದ್ರೆ ನಾನು ಮೊಟ್ಟೆನ ನಂಬ್ತೀನಿ.

ಮೊಟ್ಟೆ ಏನು ಹೇಳತ್ತೆ ಅಂದ್ರೆ, ಅರ್ಧ ಕಾಲ ಕಳೆಯೋ ಮುಂಚೆ ಗುಳಿ ಬಿದ್ರೆ ನೀರು ಸಾಲ್ತಿಲ್ಲ. ಕೊನೆ ಒಂದೆರಡು ವಾರದಲ್ಲಿ ಗುಳಿ ಬಿದ್ರೆ ಅದು ಬಹಳ ಸಲ ಮರಿ ಬರೋ ಸೂಚನೆ, ಆಗ ನೀರು ಹಾಕೋಕೆ ಹೋಗಬೇಡಿ. ಇದಕ್ಕೇ ಮುಚ್ಚಳದ ಮೇಲೆ ತಾರೀಖು ಬರೀರಿ ಅಂದಿದ್ದು, ಒಂದೇ ಗುಳಿ ತಾರೀಖಿನ ಮೇಲೆ ಎರಡು ಅರ್ಥ ಕೊಡತ್ತೆ. ಇನ್ನೊಂದು ಕಡೆ ಮೊಟ್ಟೆ ಸಿಡಿಯೋ ಹಾಗೆ ಬಿಗಿದು ಹೊಳೀತಾ ಇದ್ರೆ, ಮೇಲೆ ಬೆವರಿದ ಹಾಗೆ ಹನಿ ಇದ್ರೆ ನೀರು ಜಾಸ್ತಿ. ಮುಚ್ಚಳ ದಿನಕ್ಕೆ ಅರ್ಧ ಗಂಟೆ ತೆರೆದಿಟ್ಟು ತೂಕ ನಿಧಾನ ಇಳಿಸಿ, ತುಂಬಾ ಒದ್ದೆ ಆಗಿದ್ರೆ ಹೊಸ ಡಬ್ಬಿಯಲ್ಲಿ ಒಣ ಕಡೆಗಿರೋ ಪುಡಿ ಕಲಸಿ, ಚುಕ್ಕಿ ಮೇಲೇ ಇರೋ ಹಾಗೆ ಚಮಚದಲ್ಲಿ ಎತ್ತಿ ಸ್ಥಳ ಬದಲಿಸಿ.

ನೀರು ಸೇರಿಸಬೇಕಾಗಿ ಬಂದ್ರೆ ಇನ್ಕ್ಯುಬೇಟರ್ ಒಳಗೇ ಇಟ್ಟು ಬೆಚ್ಚಗಾದ ನೀರು ತಗೊಳ್ಳಿ, ಡ್ರಾಪರ್ ಅಥವಾ ಸಿರಿಂಜ್‌ನಲ್ಲಿ ಡಬ್ಬಿಯ ಅಂಚಿಗೆ, ಮೊಟ್ಟೆಯಿಂದ ದೂರ, ತೂಕ ಎಷ್ಟು ಕಮ್ಮಿ ಆಗಿದೆಯೋ ಅಷ್ಟೇ ಬಿಡಿ, ಅದನ್ನೂ ಎರಡು ದಿನಕ್ಕೆ ಹಂಚಿ. ಸ್ಪ್ರೇ ಬಾಟಲ್ ಈ ಕೆಲಸಕ್ಕೆ ಬೇಡವೇ ಬೇಡ. ಮಧ್ಯದಲ್ಲಿ ಗುಳಿ ಬಿದ್ದ ಮೊಟ್ಟೆ ಮೇಲೆ ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಪಾಚಿ (ಮಾಸ್) ಒಂದೆರಡು ದಿನ ಹೊದಿಸಿದ್ರೆ ಕೆಲವು ಸಲ ಮತ್ತೆ ತುಂಬಿಕೊಳ್ಳತ್ತೆ.

ಬೂಷ್ಟು ಕಂಡ್ರೆ ಕೂಡಲೇ ಎಸೀಬೇಡಿ. ಕತ್ತಲೆಯಲ್ಲಿ ಸಣ್ಣ ಟಾರ್ಚ್ ಹಿಡಿದು ನೋಡಿ, ಒಳಗೆ ಕೆಂಪು ನರಗಳು ಕಂಡ್ರೆ ಜೀವ ಇದೆ, ಬೂಷ್ಟನ್ನ ಒಣ ಬ್ರಶ್‌ನಲ್ಲೋ ಬಟ್ಟೆಯಲ್ಲೋ ಮೆಲ್ಲಗೆ ಒರೆಸಿ, ಗಾಳಿ ಸ್ವಲ್ಪ ಜಾಸ್ತಿ ಮಾಡಿ. ಬರೀ ಹಳದಿ, ನರ ಇಲ್ಲ, ವಾಸನೆ ಬೇರೆ ಬರ್ತಿದೆ ಅಂದ್ರೆ ಅದು ಹೋಗಿದೆ, ಬಿಡಿಯಾಗಿದ್ರೆ ತೆಗೆದುಬಿಡಿ. ಗುಡ್ಡೆಗೆ ಅಂಟಿದ್ರೆ ಅಲ್ಲೇ ಬಿಡಿ, ಪಕ್ಕದ್ದನ್ನ ಹರಿಯೋದಕ್ಕಿಂತ ಅದೇ ವಾಸಿ, ಜೀವ ಇರೋ ಮೊಟ್ಟೆ ಪಕ್ಕದ ಕೊಳೆತದ್ದನ್ನ ಸಾಮಾನ್ಯವಾಗಿ ತಡ್ಕೊಳ್ಳತ್ತೆ.

ಬಾಲ್ ಪೈಥಾನ್ ಸಾಕೋರು ತುಂಬಾ ಜನ ಮೊಟ್ಟೆನ ಪುಡಿಗೆ ತಾಗಿಸೋದೇ ಇಲ್ಲ, ಟ್ಯೂಬ್‌ಲೈಟ್ ಮುಂದೆ ಹಾಕೋ ಚೌಕ ಚೌಕದ ಪ್ಲಾಸ್ಟಿಕ್ ಜಾಲರಿ ಕತ್ತರಿಸಿ ಪುಡಿ ಮೇಲೆ ಇಟ್ಟು ಅದರ ಮೇಲೆ ಮೊಟ್ಟೆ ಕೂರಿಸ್ತಾರೆ. ಸುತ್ತ ಎಲ್ಲಾ ಕಡೆ ಗಾಳಿ, ಒದ್ದೆಯಾಗೋ ಭಯ ಕಮ್ಮಿ, ಕೆಳಗಿನ ಪುಡಿನೂ ಸ್ವಲ್ಪ ಧಾರಾಳವಾಗಿ ಒದ್ದೆ ಮಾಡಬಹುದು. ಆದ್ರೆ ಇಲ್ಲಿ ಮೊಟ್ಟೆಗೆ ಕೆಳಗಿಂದ ಕುಡಿಯೋ ದಾರಿ ಇಲ್ಲ, ಗಾಳಿಯ ತೇವವೇ ಗತಿ, ಹಾಗಾಗಿ ತೂತು ಇನ್ನೂ ಕಮ್ಮಿ ಇರಬೇಕು, ಮುಚ್ಚಳ ಇನ್ನೂ ಬಿಗಿ ಇರಬೇಕು.

ಇಷ್ಟೂ ಹೇಳಿದ್ದು ಮೆತ್ತನೆ ಚಿಪ್ಪಿನ ಮೊಟ್ಟೆಗೆ. ಟೋಕೇ ಗೆಕ್ಕೊ ಥರದ್ದು ಗಟ್ಟಿ ಚಿಪ್ಪಿನ ಮೊಟ್ಟೆನ ಗಾಜಿಗೋ ಮರಕ್ಕೋ ಅಂಟಿಸಿ ಇಡತ್ತೆ, ಅದನ್ನ ಕೀಳಬೇಡಿ ಒಡೆಯತ್ತೆ, ಒದ್ದೆ ಪುಡಿಯಲ್ಲಿ ಹೂಳಲೂಬೇಡಿ. ಮೇಲೆ ತೂತಿರೋ ಒಂದು ಕಪ್ ಅಂಟಿಸಿ, ಹ್ಯುಮಿಡಿಟಿ 60ರಿಂದ 80 ಪರ್ಸೆಂಟ್ ಸಾಕು. ನೆಲದ ಆಮೆಗಳ ಮೊಟ್ಟೆಯೂ ಗಟ್ಟಿ ಚಿಪ್ಪಿನದ್ದು, ಪುಡಿ ತುಂಬಾ ಒದ್ದೆ ಇದ್ರೆ ಚಿಪ್ಪು ಬಿರುಕು ಬಿಡತ್ತೆ.

ಕೊನೆಗೆ ಮರಿ ಬರೋ ದಿನ. ಮೂತಿ ತುದಿಯ ಸಣ್ಣ ಹಲ್ಲಿಂದ ಚಿಪ್ಪು ಸೀಳಿ ಮೂಗು ಹೊರಗೆ ಹಾಕಿ ಹಾವಿನ ಮರಿ ಒಂದು ದಿನ, ಎರಡು ದಿನ ಹಾಗೇ ಕೂರತ್ತೆ, ಮೊಟ್ಟೆಯಲ್ಲಿ ಉಳಿದ ಹಳದಿ ಭಾಗಾನ ಹೊಟ್ಟೆಯೊಳಗೆ ಎಳ್ಕೊಳ್ತಾ. ಇದುವರೆಗೂ ಗಾಳಿ ಗಾಳಿ ಅಂದ ನಾನೇ ಈಗ ಹೇಳ್ತೀನಿ, ಆ ಎರಡು ದಿನ ಪದೇ ಪದೇ ತೆರೀಬೇಡಿ. ಸೀಳಿದ ಚಿಪ್ಪು, ಒಳಗಿನ ಪೊರೆ ಒಣಗಿದ್ರೆ ಮರಿ ಮೈಗೆ ಅಂಟಿಕೊಳ್ಳತ್ತೆ. ಮೂಗು ಈಗ ನೇರ ಗಾಳಿಯಲ್ಲೇ ಇದೆ, ದಿನಕ್ಕೊಮ್ಮೆ ಬೇಗ ಇಣುಕಿ ನೋಡಿ ಮುಚ್ಚಿದ್ರೆ ಸಾಕು. ಹೊರಬಂದ ಮರಿ ಹೊಟ್ಟೆಯಲ್ಲಿ ಹಳದಿ ಇನ್ನೂ ನೇತಾಡ್ತಿದ್ರೆ ಎಳೀಬೇಡಿ, ಒದ್ದೆ ಟಿಶ್ಯೂ ಹಾಸಿದ ಸಣ್ಣ ಡಬ್ಬಿಯಲ್ಲಿ ಇನ್ಕ್ಯುಬೇಟರ್ ಒಳಗೇ ಇಡಿ, ಅದಾಗೇ ಒಳಗೆ ಹೋಗತ್ತೆ ಇಲ್ಲ ಒಣಗಿ ಉದುರತ್ತೆ. ಉಳಿದ ಮೊಟ್ಟೆ ಇರೋ ಇನ್ಕ್ಯುಬೇಟರನ್ನ ಇನ್ನೂ ಒಂದು ವಾರ ಆಫ್ ಮಾಡಬೇಡಿ, ತಡವಾಗಿ ಬರೋ ಸೋಮಾರಿ ಒಂದಾದ್ರೂ ಇರತ್ತೆ.